ಕಾರಿಗೆ ಚಾಸಿ ಬ್ರೇಸ್ ಕೂಡಿಸುವುದು: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಗಾಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾರೇಜಿನ ಮಾತುಕತೆಯಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಕೊನೆಯ ಭಾಗದ ಲೆಕ್ಕ ಎಲ್ಲರಿಗೂ ಬೇಕಾಗಲಿಕ್ಕಿಲ್ಲ. ಸ್ವತಃ ಪಾನಾ ಹಿಡಿಯುವವರು ಮಾತ್ರ ಮೂರನೇ ಭಾಗ ಬಿಡಬೇಡಿ.

## ಮೊದಲಿಗೆ

ಬ್ರೇಸ್ ಅಂದ್ರ ಏನ್ರಿ? ಬಾನೆಟ್ ತೆಗೆದಾಗ ಕಾಣೂ ಆ ಬಣ್ಣದ ಪೈಪ್ ಅಷ್ಟೇನಾ?

ಅದು ಒಂದು ಬಗೆ ಅಷ್ಟೇ. ಈಗಿನ ಹೆಚ್ಚಿನ ಕಾರುಗಳಿಗೆ ಬೇರೆ ಚಾಸಿ ಇರುವುದಿಲ್ಲ. ತಗಡು ಒತ್ತಿ, ಸ್ಪಾಟ್ ವೆಲ್ಡಿಂಗ್ ಮಾಡಿ ಕಟ್ಟಿದ ಬಾಡಿಯೇ ಚಾಸಿಯ ಕೆಲಸ ಮಾಡುತ್ತದೆ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ತಿರುವಿನಲ್ಲಿ ಚಕ್ರದ ಕಡೆಯಿಂದ ಬರುವ ಬಲಕ್ಕೆ ಈ ಬಾಡಿ ಸ್ವಲ್ಪ ಮಣಿಯುತ್ತದೆ. ಸಸ್ಪೆನ್ಷನ್ ಬಾಡಿಗೆ ಕೂಡುವ ಎರಡು ಜಾಗಗಳ ನಡುವೆ ಗಟ್ಟಿ ಕೊಳವೆ ಬಿಗಿದು ಆ ಮಣಿತ ತಗ್ಗಿಸುವುದು ಬ್ರೇಸಿನ ಕೆಲಸ.

ಬಾನೆಟ್ ಕೆಳಗೆ ಎಡ ಬಲ ಶಾಕಪ್ ತಲೆಗಳನ್ನು ಕೂಡಿಸುವುದು ಸ್ಟ್ರಟ್ ಬಾರ್. ಕೆಳಗಡೆ ಎರಡು ಲೋವರ್ ಆರ್ಮ್‌ಗಳ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳುಗಳ) ಬುಡ ಕೂಡಿಸುವುದು ಲೋವರ್ ಬ್ರೇಸ್. ಸೀಟಿನ ಕೆಳಗಿನ ನೆಲಕ್ಕೆ ಹೊರಗಿನಿಂದ ಅಡ್ಡ ಹಾಕುವುದು ಮಿಡ್ ಬ್ರೇಸ್, ಡಿಕ್ಕಿಯಲ್ಲಿ ಕೂಡುವುದು ರಿಯರ್ ಬ್ರೇಸ್. ಹಿಂದಿನ ಆಕ್ಸಲ್‌ಗೆ ಕೂಡಿಸುವ, ತಿರುವಿನಲ್ಲಿ ಗಾಡಿ ವಾಲುವುದನ್ನು ತಗ್ಗಿಸುವ ಆಂಟಿ ರೋಲ್ ಬಾರನ್ನೂ ಅಂಗಡಿಯವರು ಇದೇ ಸಾಲಿನಲ್ಲಿ ಮಾರುತ್ತಾರೆ. ಆದರೆ ಅದು ಬಾಡಿಯನ್ನು ಗಟ್ಟಿ ಮಾಡುವುದಿಲ್ಲ, ಸಸ್ಪೆನ್ಷನ್ ಗುಣವನ್ನೇ ಬದಲಿಸುತ್ತದೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಸ್ವಿಫ್ಟ್‌ಗೆ ಹಾಕಿದ್ರ ಫರಕ್ ಗೊತ್ತಾಗ್ತದೇನು, ಇಲ್ಲಾ ಬರೇ ಶೋಕಿನಾ?

ಕಂಪನಿ ಟೈರು, ಕಂಪನಿ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಫರಕ್ ಸಣ್ಣದು. ಟೈರಿನ ಪಕ್ಕದ ಗೋಡೆ, ರಬ್ಬರ್ ಬುಶ್ (ಕೀಲಿನೊಳಗಿನ ರಬ್ಬರ್ ತುಂಡು), ಸ್ಪ್ರಿಂಗ್ ಎಲ್ಲವೂ ಬಾಡಿಗಿಂತ ಎಷ್ಟೋ ಮೆತ್ತಗಿರುತ್ತವೆ. ಮೆತ್ತಗಿನದು ಮೊದಲು ಮಣಿಯುತ್ತದೆ, ಗಟ್ಟಿ ಇರುವುದನ್ನು ಇನ್ನಷ್ಟು ಗಟ್ಟಿ ಮಾಡಿದರೆ ಚಾಲಕನಿಗೆ ತಿಳಿಯುವುದು ಕಡಿಮೆ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಮೂಗು ಸ್ವಲ್ಪ ಬೇಗ ಒಳಗೆ ಬರುವುದು, ತಿರುವಿನ ನಡುವೆ ಗುಂಡಿ ಸಿಕ್ಕಾಗ ಸ್ಟಿಯರಿಂಗ್ ಅಲುಗದಿರುವುದು, ಇಷ್ಟು ತಿಳಿದೀತು. ಅಗಲವಾದ ಒಳ್ಳೆಯ ಟೈರು, ಬಿಗಿ ಸ್ಪ್ರಿಂಗ್ ಹಾಕಿ ಚೋರ್ಲಾ ಅಥವಾ ಅಂಬೋಲಿ ಘಾಟಿನಲ್ಲಿ ಓಡಿಸುವವರಿಗೆ ಇದಕ್ಕಿಂತ ಹೆಚ್ಚು ತಿಳಿಯುತ್ತದೆ. ಹತ್ತು ಹದಿನೈದು ವರ್ಷ ಹಳೆಯ, ಕೀಲು ಸಡಿಲಾದ ಬಾಡಿಯಲ್ಲೂ ತಿಳಿಯುತ್ತದೆ.

ಬೊಲೆರೊ, ಸ್ಕಾರ್ಪಿಯೊಗೂ ಸಿಗ್ತಾವಾ?

ಬೇಡ. ಬೊಲೆರೊ, ಸ್ಕಾರ್ಪಿಯೊ, ಥಾರ್, ಇನೊವಾ ಕ್ರಿಸ್ಟಾ ಇವೆಲ್ಲ ಲ್ಯಾಡರ್ ಫ್ರೇಮ್ ಗಾಡಿಗಳು, ಅಂದರೆ ಏಣಿಯಂಥ ಬೇರೆ ಚಾಸಿ ಇರುವವು. ಸಸ್ಪೆನ್ಷನ್ ಬಲ ಫ್ರೇಮಿಗೆ ಹೋಗುತ್ತದೆ. ಬಾಡಿ ರಬ್ಬರ್ ಮೌಂಟ್ ಮೇಲೆ ಬೇರೆಯೇ ಕೂತಿರುತ್ತದೆ. ಬಾನೆಟ್ ಕೆಳಗೆ ಪೈಪ್ ಹಾಕಿದರೆ ತೂಕವಷ್ಟೇ ಕೂಡುತ್ತದೆ. ಇಂಥ ಗಾಡಿ ಓಲಾಡಿದರೆ ನೋಡಬೇಕಾದ್ದು ಶಾಕಪ್, ಆಂಟಿ ರೋಲ್ ಬಾರಿನ ಬುಶ್ ಮತ್ತು ಬಾಡಿ ಮೌಂಟಿನ ರಬ್ಬರ್.

ಹೊಂಡ ಬಿದ್ದ ರಸ್ತೇದಾಗ ಹೊಡತ ಕಡಿಮಿ ಆಗ್ತದೇನ್ರಿ?

ಇಲ್ಲ. ಹೊಡೆತ ನುಂಗುವುದು ಟೈರು, ಸ್ಪ್ರಿಂಗ್, ಶಾಕಪ್. ವಿಜಯಪುರ, ಬಾಗಲಕೋಟೆ ಕಡೆಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆ ಎದ್ದು, ಎಡ ಚಕ್ರ ಏರುವಾಗ ಬಲ ಚಕ್ರ ಇಳಿಯುವ ಹಾಗಾಗುತ್ತದೆ. ಇಂಥ ಕಡೆ ಬಾಡಿ ಉದ್ದಕ್ಕೂ ತಿರುಚಿಕೊಳ್ಳುತ್ತದೆ. ಬ್ರೇಸ್ ಆ ತಿರುಚನ್ನು ಅಷ್ಟಿಷ್ಟು ತಡೆದು ಡ್ಯಾಶ್‌ಬೋರ್ಡಿನ ಕಿರಿಕಿರಿ ತಗ್ಗಿಸಬಹುದು. ಗುಂಡಿಯ ಧಕ್ಕೆ ಮಾತ್ರ ಹಾಗೇ ಇರುತ್ತದೆ. ಬಿಗಿಯಾದ ಬಾಡಿಯಲ್ಲಿ ಅದು ಇನ್ನೂ ಚುರುಕಾಗಿ ಕೈಗೆ ಬರುವುದೂ ಉಂಟು.

ರೊಕ್ಕಾ ಒಂದಕ್ಕs ಐತಿ. ಟೈರೋ, ಶಾಕಪ್ಪೋ, ಬ್ರೇಸೋ?

ಟೈರು. ಅದರ ಮೇಲೆ ಡಾಟ್ (DOT) ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ ರಬ್ಬರು ಗಟ್ಟಿಯಾಗಿರುತ್ತದೆ, ಗೀರು ಆಳ ಇದ್ದರೂ ಹಿಡಿತ ಇರುವುದಿಲ್ಲ. ಬೆಳಗಾವಿಯ ಮಳೆಗೆ ಗೀರಿನ ಆಳ 3 ಮಿಮೀಗಿಂತ ಕಡಿಮೆ ಇದ್ದರೆ ಯಾವ ಬ್ರೇಸೂ ಕಾಯುವುದಿಲ್ಲ. ಆಮೇಲೆ ಗಾಳಿ: ಚಾಲಕನ ಬಾಗಿಲಿನ ಬಳಿ ಇರುವ ಸ್ಟಿಕರಿನ ಅಂಕಿ, ಬೆಳಗಿನ ತಂಪಿನಲ್ಲಿ. ಆಮೇಲೆ ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್ (ಆರ್ಮಿನ ಚಕ್ರದ ತುದಿಯ ಗುಂಡು ಕೀಲು), ಎಣ್ಣೆ ಸೋರುವ ಶಾಕಪ್, ಕೊನೆಗೆ ಅಲೈನ್‌ಮೆಂಟ್. ಇಷ್ಟೂ ಸರಿ ಇದ್ದ ಗಾಡಿಗೇ ಬ್ರೇಸ್ ಕೂಡಿಸಬೇಕು. ಹರಿದ ಬುಶ್ ಇಟ್ಟುಕೊಂಡು ಸ್ಟ್ರಟ್ ಬಾರ್ ಹಾಕಿಸಿದ ಗಾಡಿಗಳು ಬೇಕಾದಷ್ಟಿವೆ. ಬುಶ್ ಬದಲಿಸಿದ ದಿನ ಅವುಗಳ ರೋಗ ಬಿಡುತ್ತದೆ, ಹೆಸರು ಮಾತ್ರ ಪೈಪಿಗೆ.

## ಕೊಳ್ಳುವ ಮುಂಚೆ

ಯಾವ ಬ್ರೇಸ್ ಮೊದಲು ಹಾಕಬೇಕು?

ಗಾಡಿಯ ಕೆಳಗೆ ಮಲಗಿ ನೋಡಿ. ಎಡ ಬಲ ಲೋವರ್ ಆರ್ಮ್‌ಗಳ ಬುಡಗಳು ಒಂದೇ ದಪ್ಪ ಸಬ್‌ಫ್ರೇಮಿಗೆ (ಬಾಡಿಯ ಕೆಳಗೆ ಬಿಗಿದ ಉಕ್ಕಿನ ಚೌಕಟ್ಟಿಗೆ), ಮುಂದೂ ಹಿಂದೂ, ಕೂಡಿದ್ದರೆ ಕೆಳಗಿನ ಬ್ರೇಸಿನಿಂದ ಹೆಚ್ಚೇನೂ ಸಿಗದು. ಕಂಪನಿಯೇ ಆ ಕೆಲಸ ಮಾಡಿಟ್ಟಿದೆ. ಸಬ್‌ಫ್ರೇಮ್ ಹಿಂಬದಿಗೆ ಮಾತ್ರ ಇದ್ದು ಮುಂದಿನ ತುದಿಗಳು ತೆರೆದಿದ್ದರೆ ಮೊದಲು ಲೋವರ್ ಬ್ರೇಸ್ ಯೋಚಿಸಿ. ನಾಲ್ಕು ಬಿಂದುವಿನ ಬ್ರೇಸ್ ಎರಡು ಬಿಂದುವಿನದಕ್ಕಿಂತ ಮೇಲು. ಹಳೆಯ ಹೊರಸು ಪಕ್ಕಕ್ಕೆ ವಾಲುವುದನ್ನು ಅಡ್ಡಪಟ್ಟಿ ನಿಲ್ಲಿಸುವುದಿಲ್ಲ, ಮೂಲೆಯಿಂದ ಮೂಲೆಗೆ ಹೊಡೆದ ಪಟ್ಟಿ ನಿಲ್ಲಿಸುತ್ತದೆ; ಇಲ್ಲೂ ಕರ್ಣದ ಕೊಳವೆ ಇರುವುದನ್ನೇ ಆರಿಸಿ.

ಮೇಲಿನ ಸ್ಟ್ರಟ್ ಬಾರ್ ಸುಲಭದ ಕೆಲಸ, ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಶಾಕಪ್ ಟವರುಗಳು (ಶಾಕಪ್ ತಲೆ ಕೂರುವ ಬಾಡಿಯ ಗೂಡುಗಳು) ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಫೈರ್‌ವಾಲ್ ಗೋಡೆಗೆ ಅಂಟಿಕೊಂಡಿದ್ದರೆ ಅದರ ಲಾಭ ಕಡಿಮೆ, ಗೋಡೆಯಿಂದ ಮುಂದಕ್ಕೆ ಬಂದು ಒಂಟಿಯಾಗಿ ನಿಂತಿದ್ದರೆ ಹೆಚ್ಚು. ಡಿಕ್ಕಿಯ ಮೇಲಿನ ಬ್ರೇಸ್ ಹ್ಯಾಚ್‌ಬ್ಯಾಕಿಗೆ ಅಷ್ಟಿಷ್ಟು ಉಪಯೋಗ, ಏಕೆಂದರೆ ಹಿಂದಿನ ದೊಡ್ಡ ಬಾಗಿಲಿನ ಬಾಯಿ ಬಾಡಿಯ ಸಡಿಲು ಜಾಗ. ಸೆಡಾನಿನಲ್ಲಿ ಹಿಂದಿನ ಸೀಟಿನ ಬೆನ್ನಿಗೆ ತಗಡಿನ ಗೋಡೆ ಇದ್ದರೆ ಬೇಕಿಲ್ಲ.

ಅಲ್ಯುಮಿನಿಯಮ್ ಚಲೋನೋ ಕಬ್ಬಿಣಾನೋ?

ಒಂದೇ ಅಳತೆಯ ಕೊಳವೆಯಾದರೆ ಉಕ್ಕು ಸುಮಾರು ಮೂರು ಪಟ್ಟು ಗಟ್ಟಿ: ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 200 ಗಿಗಾಪಾಸ್ಕಲ್, ಅಲ್ಯುಮಿನಿಯಮ್ಮಿನದು 70. ಅಲ್ಯುಮಿನಿಯಮ್ ಕೊಳವೆ ದಪ್ಪಗಿದ್ದರೆ ಆ ಕೊರತೆ ತುಂಬಿಕೊಳ್ಳಬಹುದು. ಆದರೆ ತುದಿಯ ಬ್ರಾಕೆಟ್ 3 ಮಿಮೀ ತಗಡಾಗಿದ್ದರೆ ನಡುವಿನ ಕೊಳವೆ ಯಾವುದಾದರೂ ಒಂದೇ, ಮಣಿಯುವುದು ಬ್ರಾಕೆಟ್. ಕೊಳ್ಳುವಾಗ ಬಣ್ಣ ನೋಡಬೇಡಿ, ಬ್ರಾಕೆಟ್ ಹಿಡಿದು ನೋಡಿ: ಉಕ್ಕಿನದು ಕನಿಷ್ಠ 4 ಮಿಮೀ, ಕೊಳವೆಗೆ ಸುತ್ತಲೂ ವೆಲ್ಡಿಂಗ್.

ನಡುವೆ ಬಾಗಿದ್ದು, ನೆಟ್ಟಗಿದ್ದು ಎರಡೂ ಸಿಗ್ತಾವ. ಏನ್ ಫರಕ್?

ಭಾರೀ ಫರಕ್. 25 ಮಿಮೀ ಹೊರವ್ಯಾಸ, 2 ಮಿಮೀ ದಪ್ಪದ ಒಂದು ಮೀಟರ್ ಉಕ್ಕಿನ ಕೊಳವೆ ನೆಟ್ಟಗಿದ್ದು, ತುದಿಯಿಂದ ತುದಿಗೆ ಒತ್ತಿದರೆ ಒಂದು ಮಿಲಿಮೀಟರ್ ಕುಗ್ಗಲು ಸುಮಾರು 29 ಸಾವಿರ ನ್ಯೂಟನ್ ಬೇಕು. ಅದೇ ಕೊಳವೆಯನ್ನು ಎಂಜಿನ್ ಮೇಲೆ ದಾಟಿಸಲು 80 ಮಿಮೀ ಎತ್ತಿ ಬಾಗಿಸಿ, ತುದಿಗಳನ್ನು ಪಿನ್ ಮೇಲೆ ಕೂಡಿಸಿದರೆ ಸುಮಾರು 300 ನ್ಯೂಟನ್ನಿಗೇ ಅಷ್ಟು ಮಣಿಯುತ್ತದೆ, ಅಂದರೆ ನೂರರಲ್ಲಿ ಒಂದು ಪಾಲು. ಬಾಗಿದ ಕೊಳವೆ ಒತ್ತಡ ತಡೆಯುವುದಿಲ್ಲ, ಬಿಲ್ಲಾಗುತ್ತದೆ. ಅನಿವಾರ್ಯವಾಗಿ ಬಾಗಿದ್ದೇ ಬೇಕಾದರೆ ಅಂಡಾಕಾರದ ದಪ್ಪ ಕೊಳವೆ, ಬ್ರಾಕೆಟ್ಟಿಗೇ ವೆಲ್ಡ್ ಆದ ಒಂದೇ ತುಂಡಿನದು ಆರಿಸಿ. ಬಾಗಿಯೂ ಇರುವ, ತುದಿಗೆ ಕೀಲೂ ಇರುವ ಬಾರ್ ಅಲಂಕಾರಕ್ಕಷ್ಟೇ.

ಉದ್ಯಮಬಾಗದಾಗ ಮಾಡಿಸಬೌದಲ್ರಿ? ಅಷ್ಟು ದುಡ್ಡು ಯಾಕ ಕೊಡೂದು?

ಮಾಡಿಸಬಹುದು. ಬೆಳಗಾವಿಯ ಈ ಕೈಗಾರಿಕಾ ಬಡಾವಣೆಯಲ್ಲಿ ಕೆಲಸಗಾರಿಕೆಗೆ ಕೊರತೆ ಇಲ್ಲ. ಕೊರತೆ ಬೀಳುವುದು ಅಳತೆಯಲ್ಲಿ. ಮೊದಲು ರಟ್ಟಿನಲ್ಲಿ ಬ್ರಾಕೆಟ್ಟಿನ ನಮೂನೆ ಕತ್ತರಿಸಿ ಟವರಿನ ಸ್ಟಡ್‌ಗಳ (ನಟ್ ಕೂರುವ ಹಲ್ಲಿನ ಕಡ್ಡಿಗಳ) ಮೇಲೆ ಕೂಡಿಸಿ ನೋಡಿ. ಎಡ ಬಲ ಒಂದೇ ಎಂದು ತಿಳಿಯಬೇಡಿ, ಎರಡಕ್ಕೂ ಬೇರೆ ಬೇರೆ ನಮೂನೆ. ಬ್ರಾಕೆಟ್ 5 ಮಿಮೀ ಉಕ್ಕಿನ ಪ್ಲೇಟ್, ಲೇಸರ್ ಕಟಿಂಗ್. ಎಂ8 (8 ಮಿಮೀ ವ್ಯಾಸದ) ಸ್ಟಡ್ಡಿಗೆ ತೂತು 8.5, ಹೆಚ್ಚೆಂದರೆ 9 ಮಿಮೀ. ಹತ್ತು ಹನ್ನೆರಡು ಮಿಮೀ ಉದ್ದಕೊರೆ ಬಿಟ್ಟರೆ ಬಾರ್ ಅಲ್ಲೇ ಜಾರಾಡುತ್ತದೆ.

ಕೊಳವೆಗೆ 25×2 ಮಿಮೀ ಸಾಕು. ‘ಗಟ್ಟಿ ಸಲಾಕೆ ಹಾಕ್ತೀನ್ರಿ’ ಎನ್ನುವವರ ಮಾತು ಕೇಳಬೇಡಿ: 12 ಮಿಮೀ ಗಟ್ಟಿ ಸಲಾಕೆ ಮೀಟರಿಗೆ 0.9 ಕೆಜಿ, ಈ ಕೊಳವೆ 1.1 ಕೆಜಿ. ತೂಕ ಹೆಚ್ಚುಕಡಿಮೆ ಸಮ, ಆದರೆ ಒತ್ತಡಕ್ಕೆ ಬಾಗದೆ ನಿಲ್ಲುವ ಶಕ್ತಿ ಕೊಳವೆಗೆ ಒಂಬತ್ತು ಪಟ್ಟು ಹೆಚ್ಚು. ಬ್ರಾಕೆಟ್ ಎರಡನ್ನೂ ಗಾಡಿಯ ಮೇಲೆ ಬಿಗಿದು ಕೊಳವೆಗೆ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿಸಿ, ಪೂರ್ತಿ ವೆಲ್ಡಿಂಗನ್ನು ಬಿಚ್ಚಿ ಹೊರಗೆ, ಅಳತೆ ಕದಲದಂತೆ ಹಿಡಿಯುವ ಜಿಗ್ ಮೇಲೆ ಮಾಡಿಸಿ. ಗಾಡಿಯ ಮೇಲೆ ಟ್ಯಾಕ್ ಹಾಕುವಾಗ ಬ್ಯಾಟರಿ ಎರಡೂ ತಂತಿ ಬಿಚ್ಚಿರಬೇಕು, ಅರ್ಥಿಂಗ್ ಕ್ಲಾಂಪ್ ಬ್ರಾಕೆಟ್ಟಿಗೇ ಇರಬೇಕು. ಲೋವರ್ ಬ್ರೇಸ್ ಮಾತ್ರ ಸ್ಥಳೀಯವಾಗಿ ಮಾಡಿಸಬೇಡಿ. ಅಲ್ಲಿ ವೆಲ್ಡ್ ಬಿಟ್ಟರೆ ಪೈಪು ರಸ್ತೆಗೆ ತಾಗುತ್ತದೆ.

ಲೋವರ್ ಬ್ರೇಸ್ ಹಂಪಿಗೆ ಹತ್ತೂದಿಲ್ಲಾ?

ಹತ್ತಬಹುದು. ವಿನ್ಯಾಸ ನೋಡಿ 15ರಿಂದ 30 ಮಿಮೀ ನೆಲದ ಅಂತರ ಹೋಗುತ್ತದೆ. ಕೊಳ್ಳುವ ಮುಂಚೆ, ಐದು ಜನ ಕೂತ ಗಾಡಿಯಲ್ಲಿ ಸಬ್‌ಫ್ರೇಮಿನ ಅತಿ ತಗ್ಗಿನ ಜಾಗದಿಂದ ನೆಲಕ್ಕೆ ಅಳೆಯಿರಿ. ಬ್ರೇಸ್ ಅದಕ್ಕಿಂತ ಕೆಳಗೆ ಇಳಿಯದಿದ್ದರೆ ಚಿಂತೆ ಇಲ್ಲ. ಇಳಿದರೆ ಹಳ್ಳಿ ಬಾಯಿಯ ಮನೆಗೊಂದು ಹಂಪ್ ನೆನೆಸಿಕೊಳ್ಳಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಜೋಡಿ ಟ್ರೇಲರುಗಳು ಕೊರೆದ ಜಾಡಿನಲ್ಲಿ ನಡುಭಾಗದ ದಿಬ್ಬ ನೇರ ಬ್ರೇಸಿಗೇ ಬರುತ್ತದೆ. ಒಮ್ಮೆ ಜೋರಾಗಿ ಹತ್ತಿದರೆ ಆ ಹೊಡೆತ ಕೊಳವೆಗೆ ನಿಲ್ಲುವುದಿಲ್ಲ, ಲೋವರ್ ಆರ್ಮ್ ಬೋಲ್ಟಿಗೆ ಹೋಗುತ್ತದೆ. ಬಾಗಿದ ಬ್ರೇಸನ್ನು ಬಡಿದು ನೆಟ್ಟಗೆ ಮಾಡಿ ಹಾಕಬೇಡಿ.

ಆರ್‌ಟಿಒದವ್ರು ಹಿಡೀತಾರಾ? ಇನ್ಶುರೆನ್ಸ್ ಗತಿ?

ಮೋಟಾರು ವಾಹನ ಕಾಯ್ದೆ 1988ರ ಕಲಂ 52, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಮಾರ್ಪಾಡು ಕೂಡದು ಎನ್ನುತ್ತದೆ. 2019ರ ತಿದ್ದುಪಡಿಯಿಂದ ಬಂದ ಕಲಂ 182ಎ(4)ರಲ್ಲಿ, ಅನುಮತಿ ಇಲ್ಲದ ರೀತಿಯಲ್ಲಿ ಬಿಡಿಭಾಗ ಕೂಡಿಸಿ ಗಾಡಿ ಮಾರ್ಪಡಿಸಿದರೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಬೋಲ್ಟಿನಲ್ಲಿ ಕೂಡುವ ಸ್ಟ್ರಟ್ ಬಾರಿನಿಂದ ಎಂಜಿನ್, ಇಂಧನ, ಸೀಟು, ಬಣ್ಣದ ವಿವರ ಬದಲಾಗುವುದಿಲ್ಲ. ಬಾಡಿ ಕತ್ತರಿಸಿ ವೆಲ್ಡ್ ಮಾಡಿದ್ದು ಬೇರೆ ಮಾತು. ಖಾತ್ರಿ ಬೇಕಾದವರು ಕೆಎ 22, 28, 29 ಯಾವುದಾದರೂ ನಿಮ್ಮ ನೋಂದಣಿ ಕಚೇರಿಗೆ ಲಿಖಿತವಾಗಿ ಕೇಳಿ. ನಮ್ಮ ಜನ ದಿನ ಬೆಳಗಾದರೆ ಗೋವಾ, ಮಹಾರಾಷ್ಟ್ರದ ಗಡಿ ದಾಟುವವರು, ಚೆಕ್‌ಪೋಸ್ಟಿನಲ್ಲಿ ಬಾಯಿಮಾತು ನಡೆಯುವುದಿಲ್ಲ.

ವಿಮೆ ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ. ವಾರಂಟಿ ಇರುವ ಗಾಡಿಯಲ್ಲಿ ಸಸ್ಪೆನ್ಷನ್ ದೂರು ಹೇಳಿದರೆ ಶೋರೂಮಿನವರು ಮೊದಲು ಕೈ ತೋರಿಸುವುದು ಬ್ರೇಸಿನ ಕಡೆಗೇ. ವಾರಂಟಿ ಮುಗಿಯುವ ತನಕ ಕಾಯುವುದು ಜಾಣತನ.

ಸಿಎನ್‌ಜಿ ಗಾಡಿಗೆ? ಕರೆಂಟ್ ಗಾಡಿಗೆ?

ಡಿಕ್ಕಿಯಲ್ಲಿ ಸಿಲಿಂಡರ್ ಇದ್ದರೆ ರಿಯರ್ ಬ್ರೇಸ್ ಬಿಡಿ. ಸಿಲಿಂಡರ್ ಪಟ್ಟಿಯ ಬೋಲ್ಟಿಗೆ ಬೇರೇನನ್ನೂ ಕಟ್ಟಬಾರದು, ಗ್ಯಾಸ್ ಕೊಳವೆಯ ಹಾದಿಯಲ್ಲಿ ತೂತು ಕೊರೆಯಬಾರದು. ಮುಂದಿನ ಸ್ಟ್ರಟ್ ಬಾರ್ ಹಾಕುವಾಗ ರೆಗ್ಯುಲೇಟರಿಗೆ, ಫಿಲ್ಲಿಂಗ್ ವಾಲ್ವಿಗೆ ತಾಗದಿರಲಿ. ಕರೆಂಟ್ ಗಾಡಿಯ ನೆಲದಡಿಯ ಬ್ಯಾಟರಿ ಪೆಟ್ಟಿಗೆಯೇ ಬಾಡಿಯನ್ನು ಸಾಕಷ್ಟು ಬಿಗಿ ಮಾಡಿರುತ್ತದೆ. ಕೇಸರಿ ಬಣ್ಣದ ಕೇಬಲ್ ಇರುವ ಕಡೆ ಪಾನಾ ಹಾಕಲೇಬೇಡಿ.

## ಕೂಡಿಸುವಾಗ

ಸ್ಟ್ರಟ್ ಬಾರ್ ಮನ್ಯಾಗs ಕೂಡಿಸ್ತೀನಿ. ಹೆಂಗ ಮಾಡೂದು?

ಬೇಕಾದದ್ದು: 12, 13, 14 ಮಿಮೀ ಸಾಕೆಟ್, 10ರಿಂದ 60 ನ್ಯೂಟನ್ ಮೀಟರ್ ತೋರಿಸುವ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ), ತಂತಿ ಬ್ರಷ್, ಪೇಂಟ್ ಮಾರ್ಕರ್, ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್ ಅಂಕಿ.

ಗಾಡಿ ಸಮತಟ್ಟು ನೆಲದ ಮೇಲೆ, ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಜಾಕ್ ಏರಿಸಬೇಡಿ: ಗಾಡಿಯ ತೂಕವೇ ಟವರನ್ನು ಶಾಕಪ್ ತಲೆಯ ಮೇಲೆ ಒತ್ತಿ ಹಿಡಿದಿರುತ್ತದೆ. ಜಾಕ್ ಏರಿಸಿ ನಟ್ ಬಿಚ್ಚಿದರೆ ಶಾಕಪ್ ಕೆಳಗೆ ಜಾರುತ್ತದೆ. ಎಂಜಿನ್ ತಣ್ಣಗಿರಲಿ. ವೈಪರ್ ಕೆಳಗಿನ ಪ್ಲಾಸ್ಟಿಕ್ ಹೊದಿಕೆ ಅಡ್ಡ ಬಂದರೆ ಅದರ ಕ್ಲಿಪ್ ತೆಗೆದು ಪೂರ್ತಿ ಬಿಚ್ಚಿ, ಅರ್ಧ ಎತ್ತಿ ಕೆಲಸ ಮಾಡಿದರೆ ಬಿರಿಯುತ್ತದೆ.

ಒಂದು ಕಡೆಯ ಸುತ್ತಿನ ನಟ್‌ಗಳನ್ನು ಮಾತ್ರ ಬಿಚ್ಚಿ, ಸ್ಟಡ್ ಮತ್ತು ಟವರಿನ ಮುಖ ಒರೆಸಿ, ಬ್ರಾಕೆಟ್ ಕೂಡಿಸಿ, ನಟ್ ಬೆರಳಲ್ಲಿ ಹತ್ತಿಸಿ. ಆಮೇಲೆ ಇನ್ನೊಂದು ಕಡೆ. ಎರಡೂ ಬ್ರಾಕೆಟ್ ಕೂತ ಮೇಲೆ ಕೊಳವೆ ಕೂಡಿಸಿ, ಅದರ ಬೋಲ್ಟೂ ಬೆರಳಲ್ಲೇ. ಎಲ್ಲವೂ ಒತ್ತಾಯ ಇಲ್ಲದೆ ಕೂತಿದ್ದು ನೋಡಿಕೊಂಡು ಮೊದಲು ಟವರ್ ನಟ್, ನಂತರ ಕೊಳವೆಯ ಬೋಲ್ಟ್ ಬಿಗಿಯಿರಿ. ಎಂ8 ನಟ್ಟಿಗೆ ಸಾಮಾನ್ಯವಾಗಿ 20ರಿಂದ 30, ಎಂ10ಕ್ಕೆ 40ರಿಂದ 55 ನ್ಯೂಟನ್ ಮೀಟರ್ ಇರುತ್ತದೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಕಡೆಯ ಮಾತು. ಬಿಗಿದ ನಟ್ ಮೇಲೆ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಸಡಿಲಾದರೆ ಗೆರೆ ತಪ್ಪುತ್ತದೆ. 100 ಕಿಮೀ ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಟಾರ್ಕ್ ನೋಡಿ.

ಬಾನೆಟ್ ಹಾಕುವ ಮೊದಲು ಬಾರಿನ ಮೇಲೆ ನಾಲ್ಕೈದು ಕಡೆ ನಾದಿದ ಕಣಕದ ಉಂಡೆ ಇಟ್ಟು, ಮೆಲ್ಲಗೆ ಬಾನೆಟ್ ಇಳಿಸಿ, ಎತ್ತಿ ನೋಡಿ. (ಜೋಳದ ಹಿಟ್ಟು ಬಿರಿಯುತ್ತದೆ, ಗೋಧಿಯದೇ ಆಗಬೇಕು.) ಉಂಡೆ 10 ಮಿಮೀಗಿಂತ ತೆಳ್ಳಗಾಗಿದ್ದರೆ ಆ ಬಾರ್ ನಿಮ್ಮ ಗಾಡಿಯದಲ್ಲ. ಎಂಜಿನ್ ಕಡೆ ಇನ್ನೂ ಹೆಚ್ಚು ಅಂತರ ಬೇಕು, ಗೇರ್ ಹಾಕಿ ಎಳೆದಾಗ ಎಂಜಿನ್ ಮೌಂಟಿನ ಮೇಲೆ ಎದ್ದು ವಾಲುತ್ತದೆ.

ನಡುವಿನ ದೊಡ್ಡ ನಟ್ಟೂ ಬಿಚ್ಚಬೇಕೇನು?

ಬಿಚ್ಚಲೇಬಾರದು. ಸುತ್ತಲಿನ ಎರಡು ಮೂರು ಸಣ್ಣ ನಟ್‌ಗಳು ಶಾಕಪ್ಪನ್ನು ಬಾಡಿಗೆ ಹಿಡಿದಿರುತ್ತವೆ. ನಡುವಿನ ನಟ್ ಒತ್ತಿಟ್ಟ ಸ್ಪ್ರಿಂಗನ್ನು ಹಿಡಿದಿರುತ್ತದೆ. ಅದು ಬಿಟ್ಟರೆ ಸ್ಪ್ರಿಂಗ್ ಸಿಡಿಯುತ್ತದೆ, ಜೀವಕ್ಕೇ ಅಪಾಯ. ಕೆಲವು ಗಾಡಿಗಳಲ್ಲಿ ಸುತ್ತಿನ ನಟ್ ಇರುವುದೇ ಇಲ್ಲ, ನಡುವಿನದೊಂದೇ ಕಾಣುತ್ತದೆ. ಅಂಥವಕ್ಕೆ ಆ ಮಾದರಿಗೆಂದೇ ಮಾಡಿದ ಕಿಟ್ ತಂದು, ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿನಲ್ಲಿ ಹಾಕಿಸಿ.

ಬ್ರಾಕೆಟ್ ಇಟ್ಟ ಮ್ಯಾಲೆ ನಟ್ಟಿಗೆ ಹಲ್ಲು ಸಾಲವಲ್ವು. ನಡೀತದೇನು?

ನಡೆಯುವುದಿಲ್ಲ. ನಟ್ ಪೂರ್ತಿ ಕೂತ ಮೇಲೆ ಸ್ಟಡ್ ಕನಿಷ್ಠ ಎರಡು ಹಲ್ಲು ಹೊರಗೆ ಕಾಣಬೇಕು. ನೈಲಾನ್ ಉಂಗುರದ ನಟ್ ಆದರೆ ಸ್ಟಡ್ ಆ ಉಂಗುರ ದಾಟಿರಲೇಬೇಕು. ಕಾಣದಿದ್ದರೆ ತೆಳು ನಟ್ ಹುಡುಕುವುದು, ವಾಷರ್ ತೆಗೆಯುವುದು ಇವೆಲ್ಲ ಅಡ್ಡದಾರಿ, ಬ್ರಾಕೆಟ್ ಬದಲಿಸಿ. ಈ ಕೆಲಸದಲ್ಲಿ ಅತಿ ಹೆಚ್ಚು ಕೆಡುವುದು ಇದೇ ಜಾಗದಲ್ಲಿ: ಅರ್ಧ ಹಲ್ಲಿನ ಮೇಲೆ ಬಿಗಿದ ನಟ್, ಟಾರ್ಕ್ ತೋರಿಸುತ್ತದೆ, ತಿಂಗಳೊಳಗೆ ಹಲ್ಲು ಕಿತ್ತು ಬರುತ್ತದೆ. ಸ್ಟಡ್ ಹಾಳಾದರೆ ಶಾಕಪ್ ಇಳಿಸಿ ಮೌಂಟ್ ಬದಲಿಸಬೇಕಾಗುತ್ತದೆ.

ಲೋವರ್ ಬ್ರೇಸ್ ಕೂಡಿಸೂವಾಗ ಏನ್ ನೋಡ್ಬೇಕು?

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಬ್ರೇಸ್ ಲೋವರ್ ಆರ್ಮ್ ಬೋಲ್ಟನ್ನೇ ಹಂಚಿಕೊಳ್ಳುತ್ತದೆ. ಆ ಬುಶ್‌ನ ರಬ್ಬರ್ ಒಳಗಿನ ಉಕ್ಕಿನ ಸಣ್ಣ ಕೊಳವೆಗೆ ಅಂಟಿಕೊಂಡಿರುತ್ತದೆ. ಎರಡು ಕಂಬದ ಲಿಫ್ಟಿನಲ್ಲಿ ಚಕ್ರ ಜೋತಾಡುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆದ್ದರಿಂದ ಲಿಫ್ಟಿನಲ್ಲಿ ಬೋಲ್ಟ್ ಸೇರಿಸಿ ಹಗುರಾಗಿ ಹತ್ತಿಸಿ, ಕಡೆಯ ಬಿಗಿತವನ್ನು ರ‍್ಯಾಂಪ್, ಗುಂಡಿ ಅಥವಾ ನಾಲ್ಕು ಕಂಬದ ಲಿಫ್ಟಿನ ಮೇಲೆ, ಚಕ್ರಕ್ಕೆ ಭಾರ ಬಿದ್ದಾಗ ಮಾಡಿಸಿ. ಎಂ12 ಬೋಲ್ಟಿಗೆ ಸಾಮಾನ್ಯವಾಗಿ 80 ನ್ಯೂಟನ್ ಮೀಟರಿನಿಂದ ಮೇಲೆ ಇರುತ್ತದೆ. ಕೆಲವು ಕಂಪನಿಗಳು ಟಾರ್ಕಿನ ಮೇಲೆ ಇಂತಿಷ್ಟು ಡಿಗ್ರಿ ತಿರುವು ಎಂದು ಹೇಳುತ್ತವೆ. ಅಂಥ ಬೋಲ್ಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು. ಬ್ರಾಕೆಟ್ ದಪ್ಪಕ್ಕೆ ಉದ್ದ ಬೋಲ್ಟ್ ಬೇಕಾದರೆ ತಲೆಯ ಮೇಲೆ 10.9 ಎಂದಿರುವ ದರ್ಜೆಯದು, ಅದೇ ಹಲ್ಲಿನದು. ಹಾರ್ಡ್‌ವೇರ್ ಅಂಗಡಿಯ ಅಂಕಿ ಇಲ್ಲದ ಬೋಲ್ಟ್ ಇಲ್ಲಿ ಬೇಡ.

ತೂತು ಕೂಡವಲ್ವು, ಬಡಿದು ಕೂಡಿಸಲಾ?

ಬಡಿಯಬೇಡಿ. 1 ಮಿಮೀ ಆಚೀಚೆ ಇದ್ದರೆ ಉಳಿದ ಬೋಲ್ಟ್ ಸಡಿಲಿಸಿ ಎಲ್ಲವನ್ನೂ ಒಟ್ಟಿಗೆ ಹತ್ತಿಸಿದರೆ ಕೂಡುತ್ತದೆ. 3 ಮಿಮೀಗಿಂತ ಹೆಚ್ಚಿದ್ದರೆ ಎರಡೇ ಕಾರಣ: ಬೇರೆ ಮಾದರಿಯ ಬ್ರೇಸ್, ಇಲ್ಲವೇ ಅಪಘಾತ ಆಗಿ ರಿಪೇರಿ ಆದ ಗಾಡಿ. ಎರಡನೆಯದಿರಬಹುದು ಅನಿಸಿದರೆ ಬಾಡಿಯ ಅಳತೆ ಮಾಡಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಈ ಸತ್ಯ ಎಷ್ಟೋ ಸಲ ಬ್ರೇಸ್ ಕೂಡಿಸುವ ದಿನವೇ ತಿಳಿಯುತ್ತದೆ.

ತಿರುಗಿಸಿ ಉದ್ದ ಮಾಡೂ ಬಾರ್ ತಂದೇನಿ. ಎಷ್ಟು ಬಿಗೀಲಿ?

ಕೈಯಲ್ಲಿ ತಿರುಗಿಸಿ ಆಟ ಹೋಗುವಷ್ಟು, ಅದರ ಮೇಲೆ ಪಾನಾದಿಂದ ಕಾಲು ಸುತ್ತು, ಆಮೇಲೆ ಲಾಕ್ ನಟ್. ಹೆಚ್ಚು ತಿರುಗಿಸಿ ಟವರುಗಳನ್ನು ಹೊರಗೆ ದಬ್ಬಿದರೆ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲಿರುವ ಕೋನ) ಬದಲಾಗುತ್ತದೆ, ಟವರಿನ ತಗಡಿನ ಮೇಲೆ ಸದಾ ಒತ್ತಡ ಇರುತ್ತದೆ. ಬಿಗಿದಷ್ಟೂ ಹಿಡಿತ ಎಂಬುದು ಸುಳ್ಳು.

ಬೋಲ್ಟ್ ಯಾಕ, ಸೀದಾ ಬಾಡಿಗೆ ವೆಲ್ಡ್ ಹೊಡೆದ್ರ?

ಈಗಿನ ಬಾಡಿಯ ಹಲವು ಭಾಗ ಹೆಚ್ಚು ಬಲದ ಉಕ್ಕು. ಅದಕ್ಕೆ ಬಲ ಬಂದಿರುವುದು ತಯಾರಿಕೆಯ ಶಾಖ ಸಂಸ್ಕಾರದಿಂದ. ವೆಲ್ಡಿಂಗ್ ಶಾಖ ಆ ಬಲ ಕಳೆದು, ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಡಿಸುತ್ತದೆ. ಒಳಮೈಯ ತುಕ್ಕು ತಡೆಯುವ ಲೇಪ ಸುಟ್ಟುಹೋಗಿ ಜಂಗು ಒಳಗಿನಿಂದ ಬರುತ್ತದೆ. ನೆಲದಲ್ಲಿ ತೂತು ಕೊರೆಯಲೇಬೇಕಾದ ಕಿಟ್ ಇದ್ದರೆ ಮೊದಲು ಆಚೆ ಬದಿ ನೋಡಿ: ಪೆಟ್ರೋಲ್ ಟ್ಯಾಂಕ್, ಬ್ರೇಕ್ ಕೊಳವೆ, ವೈರಿಂಗ್. ಹಿಂದಿನ ಸೀಟಿನ ಕೆಳಗೆ ಕೊರೆಯಲೇಬೇಡಿ, ಟ್ಯಾಂಕ್ ಇರುವುದು ಸಾಮಾನ್ಯವಾಗಿ ಅಲ್ಲೇ. ಕೊರೆದ ಅಂಚಿಗೆ ಜಿಂಕ್ ಪ್ರೈಮರ್, ಮೇಲೆ ಸೀಲೆಂಟ್, ಒಳಗಿನಿಂದ 3 ಮಿಮೀ ಪ್ಲೇಟ್ ವಾಷರ್.

## ಕೂಡಿಸಿದ ಮೇಲೆ

ಬ್ರೇಸ್ ಹಾಕಿಸಿದ ಮ್ಯಾಲೆ ಕಟಕಟ ಸಪ್ಪಳ. ಏನಿರಬೇಕು?

ಸಪ್ಪಳದ ಗುಣ ಕೇಳಿ. ಹಂಪಿನ ಮೇಲೆ ಒಂದೇ ‘ಟಕ್’ ಆದರೆ ನಟ್ ಸಡಿಲು ಅಥವಾ ತೂತು ದೊಡ್ಡದು. ನಿಧಾನ ತಿರುವಿನಲ್ಲಿ ‘ಕಿರ್’ ಎಂದರೆ ಬ್ರಾಕೆಟ್ ಮತ್ತು ಟವರ್ ನಡುವೆ ದಪ್ಪ ಬಣ್ಣ, ಮಣ್ಣು. ಬಿಚ್ಚಿ ಒರೆಸಿ ಮತ್ತೆ ಬಿಗಿಯಿರಿ. ನಿಂತಲ್ಲೇ ಗುಂಯ್‌ಗುಡುವುದು ಎಸಿ ಹಾಕಿದಾಗ ಹೆಚ್ಚಾದರೆ ಬಾರ್ ಎಂಜಿನ್ ಕವರಿಗೋ ಎಸಿ ಕೊಳವೆಗೋ ತಾಗಿದೆ. ಲೋವರ್, ಮಿಡ್ ಬ್ರೇಸಿನ ಗಾಡಿಯಲ್ಲಿ ಏರಿನಲ್ಲಿ ಎಳೆದಾಗ ಮಾತ್ರ ಬರುವ ಗಡಗಡ, ಸೈಲೆನ್ಸರ್ ಕೊಳವೆ ತಾಗುತ್ತಿರುವುದು.

ಅಲೈನ್‌ಮೆಂಟ್ ಮಾಡಿಸಬೇಕಾ?

ಮೇಲಿನ ಬಾರಿಗೆ, ಟವರಿನ ತೂತಿನಲ್ಲಿ ಮೌಂಟ್ ಸರಿಯದಿದ್ದರೆ ಬೇಕಿಲ್ಲ, ಆದರೂ ಒಮ್ಮೆ ನೋಡಿಸುವುದು ಒಳಿತು. ಲೋವರ್ ಬ್ರೇಸಿಗೆ ಕಡ್ಡಾಯ. ಕೂಡಿಸುವ ಮುಂಚಿನ ದಿನವೂ ಒಂದು ಪ್ರಿಂಟ್ ತೆಗೆಸಿಟ್ಟುಕೊಂಡರೆ ಏನು ಬದಲಾಯಿತೆಂದು ತಿಳಿಯುತ್ತದೆ.

ಮಳೀಗೆ ಜಂಗು ಹಿಡೀತದೇನ್ರಿ?

ಖಾನಾಪುರ, ಬೆಳಗಾವಿ ಕಡೆ ಹಿಡಿಯುತ್ತದೆ. ವೆಲ್ಡಿನ ಸುತ್ತ ಪೌಡರ್ ಕೋಟಿಂಗ್ ಸಿಡಿದ ಜಾಗದಿಂದ ಶುರು. ಕೊಳವೆಯ ತುದಿ ತೆರೆದಿದ್ದರೆ ಒಳಗೆ ಕೆಂಪು ಕೆಸರು ಕೂತು ಒಳಗಿನಿಂದ ತಿನ್ನುತ್ತದೆ. ಮಳೆಗಾಲಕ್ಕೆ ಮುಂಚೆ ಒಳಗೆ ಮೇಣದ ಸ್ಪ್ರೇ ಹೊಡೆಸಿ, ನೀರು ಇಳಿಯಲು ಕೆಳಗಿನ ಸಣ್ಣ ತೂತು ತೆರೆದಿಡಿ. ಅಲ್ಯುಮಿನಿಯಮ್ ಬ್ರಾಕೆಟ್ ಉಕ್ಕಿನ ಟವರಿಗೆ ಬರಿಮೈಯಲ್ಲಿ ತಾಗಿ ನೀರು ನಿಂತರೆ ಬಿಳಿ ಪುಡಿ ಏಳುತ್ತದೆ. ನಡುವೆ ತೆಳು ಬಣ್ಣ ಇರಲಿ.

## ಇನ್ನೂ ಆಳಕ್ಕೆ

ಮ್ಯಾಲಿನ ಬಾರಿಗಿಂತ ಕೆಳಗಿಂದs ಮುಖ್ಯ ಅಂತಾರ. ಖರೇನಾ?

ಬಲದ ಲೆಕ್ಕ ಹಾಗೇ ಹೇಳುತ್ತದೆ. ಚಕ್ರವನ್ನು ಮೇಲೆ ಶಾಕಪ್ಪೇ ಹಿಡಿದಿರುವ ಮ್ಯಾಕ್‌ಫರ್ಸನ್ ಸಸ್ಪೆನ್ಷನ್ನಿನಲ್ಲಿ ನೆಲದಿಂದ ಬಾಲ್ ಜಾಯಿಂಟ್ 200 ಮಿಮೀ, ಶಾಕಪ್ ತಲೆ 750 ಮಿಮೀ ಎತ್ತರ ಎಂದಿಟ್ಟುಕೊಳ್ಳಿ. ತಿರುವಿನಲ್ಲಿ ಹೊರಗಿನ ಟೈರಿಗೆ ಪಕ್ಕದಿಂದ 3000 ನ್ಯೂಟನ್ ಬಿದ್ದರೆ, ಲಂಬ ಭಾರದ ಪರಿಣಾಮ ಬಿಟ್ಟು, ಲೋವರ್ ಆರ್ಮ್ ಹೊರುವುದು ಸುಮಾರು 4090, ಟವರ್ ಹೊರುವುದು ಸುಮಾರು 1090. ಕೆಳಗೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಆದರೆ ಕಂಪನಿಯವರಿಗೂ ಇದು ಗೊತ್ತು, ಅದಕ್ಕೇ ಕೆಳಗೆ ದಪ್ಪ ಸಬ್‌ಫ್ರೇಮ್, ಮೇಲೆ ತಗಡು. ಬಲ ಎಲ್ಲಿ ಹೆಚ್ಚು ಎನ್ನುವುದಕ್ಕಿಂತ, ಬಲಕ್ಕೆ ಹೋಲಿಸಿದರೆ ಲೋಹ ಎಲ್ಲಿ ಕಡಿಮೆ ಎಂದು ನೋಡಬೇಕು.

ಹಿಂದಿನ ಆಂಟಿ ರೋಲ್ ಬಾರ್ ಹಾಕಿದ್ರ ಗಾಡಿ ಬಾಳ ಚುರುಕಾಗ್ತದಂತ?

ಆಗುತ್ತದೆ, ಎಚ್ಚರವೂ ಬೇಕು. ಸ್ವಿಫ್ಟ್, ಬಲೆನೊ, ಐ20, ಪೋಲೊ ಇವುಗಳ ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರ ಕೂಡಿಸುವ, ತಿರುಚಿಕೊಳ್ಳುವ ಅಡ್ಡತೊಲೆ) ಇದೆ. ಅದಕ್ಕೆ ಅಡ್ಡ ಬಾರ್ ಬಿಗಿದರೆ ಹಿಂಬದಿ ಕಡಿಮೆ ವಾಲುತ್ತದೆ, ತಿರುವಿನಲ್ಲಿ ಹೊರಗಿನ ಹಿಂಚಕ್ರದ ಮೇಲೆ ಭಾರ ಹೆಚ್ಚುತ್ತದೆ, ಮೂಗು ಹೊರಗೆ ಓಡುವ ಸ್ವಭಾವ ತಗ್ಗುತ್ತದೆ. ಅದರ ಬೆಲೆ ಹಿಂಚಕ್ರದ ಹಿಡಿತ. ಜುಲೈ ಮಳೆಯಲ್ಲಿ ಚೋರ್ಲಾ ಇಳಿಯುವಾಗ ತಿರುವಿನ ನಡುವೆ ಎಕ್ಸಲರೇಟರ್ ಥಟ್ಟನೆ ಬಿಟ್ಟರೆ ಹಿಂಬದಿ ಜಾರಬಹುದು, ಹಿಂದೆ ಸವೆದ ಟೈರ್ ಇದ್ದರೆ ಖಂಡಿತ ಜಾರುತ್ತದೆ. ಮನೆಮಂದಿ ಎಲ್ಲ ಓಡಿಸುವ ಗಾಡಿಗೆ ನಾವು ಇದನ್ನು ಹೇಳುವುದಿಲ್ಲ.

ಫರಕ್ ಆಗೇತೋ ಇಲ್ಲೋ ಅಳೀಲಿಕ್ಕೆ ಬರ್ತದೇನು?

ಬರುತ್ತದೆ. ಯಾವುದೇ ಮಷಿನ್ ಶಾಪಿನಲ್ಲಿ 0.01 ಮಿಮೀ ಓದುವ ಡಯಲ್ ಗೇಜ್ ಸಿಗುತ್ತದೆ. ಒಂದು ಟವರಿಗೆ ನೆಟ್ಟನೆ ಸಲಾಕೆ ಕಟ್ಟಿ, ಅದರ ತುದಿಗೆ ಗೇಜ್ ಕೂಡಿಸಿ, ಮುಳ್ಳಿನ ಮೊನೆ ಇನ್ನೊಂದು ಟವರಿಗೆ ತಾಗಿಸಿ ಸೊನ್ನೆ ಮಾಡಿ. ಮುಂದಿನ ಒಂದು ಮೂಲೆಯನ್ನು ಜಾಕ್ ಪಾಯಿಂಟಿನಲ್ಲಿ ಚಕ್ರ ಏಳುವ ತನಕ ಎತ್ತಿ ಓದು ಬರೆದುಕೊಳ್ಳಿ. ಬ್ರೇಸ್ ಕೂಡಿಸಿ ಅದೇ ಮೂಲೆ, ಅದೇ ಎತ್ತರ, ಮತ್ತೆ ಓದು. ಕೂಡಿಸುವ ಮುಂಚೆಯೇ ಓದು 0.1 ಮಿಮೀ ದಾಟದಿದ್ದರೆ ಆ ಜಾಗದಲ್ಲಿ ಬ್ರೇಸಿಗೆ ಕೆಲಸ ಇಲ್ಲ. ಇದು ತಿರುವಿನ ಬಲವಲ್ಲ, ತಿರುಚಿನ ಬಲ. ಆದರೂ ಎರಡು ಬ್ರೇಸ್ ಹೋಲಿಸಲು ಸಾಕು.

ಓಡಿಸಿ ನೋಡುವುದಾದರೆ ಒಂದು ಸಲಕ್ಕೆ ಒಂದೇ ಬದಲಾವಣೆ. ಟೈರ್ ಗಾಳಿ, ಇಂಧನ, ಜನ, ವೇಗ ಎಲ್ಲ ಅದೇ ಇರಲಿ. ಬ್ರೇಸಿನ ಜೊತೆ ಅಲೈನ್‌ಮೆಂಟೂ ಮಾಡಿಸಿಕೊಂಡು ಬಂದು ‘ಗಾಡಿ ಬದಲಾತು’ ಎಂದರೆ ಬದಲಾಯಿಸಿದ್ದು ಯಾವುದೆಂದು ಹೇಳುವವರಾರು? ಘಾಟಿನಲ್ಲಿ, ಊರೊಳಗೆ ಈ ಪರೀಕ್ಷೆ ಬೇಡ.

ಅಪಘಾತದಾಗ ಬ್ರೇಸ್ ಕಾಯ್ತದೋ ಕೊಲ್ತದೋ?

ಎರಡೂ ದೊಡ್ಡ ಮಾತು. ಕಾರಿನ ಮುಂಭಾಗ ಮಡಿಚಿಕೊಳ್ಳುವಂತೆ ಮಾಡಿರುವುದು ಟವರಿಗಿಂತ ಮುಂದಿನ ಜಾಗದಲ್ಲಿ, ಹಾಗಾಗಿ ನೇರ ಡಿಕ್ಕಿಯಲ್ಲಿ ಸ್ಟ್ರಟ್ ಬಾರಿನ ಪಾತ್ರ ಕಡಿಮೆ. ಮೂಲೆಗೆ ಅಥವಾ ಮುಂಚಕ್ರಕ್ಕೆ ಪಕ್ಕದಿಂದ ಹೊಡೆತ ಬಿದ್ದರೆ ಒಂದು ಟವರಿನ ಬಲ ಬಾರಿನ ಮೂಲಕ ಇನ್ನೊಂದಕ್ಕೂ ಹೋಗಿ, ಒಂದು ಕಡೆಯ ರಿಪೇರಿ ಎರಡು ಕಡೆಯದಾಗಬಹುದು. ಪಾದಚಾರಿಯ ತಲೆ ಬಾನೆಟ್ ಮೇಲೆ ಬಿದ್ದಾಗ ಕೆಳಗಿನ ಖಾಲಿ ಜಾಗವೇ ಅವರನ್ನು ಕಾಯುವುದು, ಎತ್ತರದ ಬಾರ್ ಅದನ್ನು ತಿನ್ನುತ್ತದೆ. ಎಂಜಿನ್ ಕವರಿಗಿಂತ ತಗ್ಗಿನಲ್ಲಿ ಕೂಡುವ ಬಾರ್ ಇದ್ದರೆ ಅದನ್ನೇ ಕೊಳ್ಳಿ.

ಗಾಡಿ ಮಾರೂವಾಗ ತೆಗೆದು ಇನ್ನೊಂದಕ್ಕ ಹಾಕಬೌದಾ?

ಅದೇ ಮಾದರಿ, ಅದೇ ತಲೆಮಾರಿನ ಗಾಡಿಯಾದರೆ ಮಾತ್ರ. ಹೆಸರು ಒಂದೇ ಇದ್ದರೂ ಹೊಸ ತಲೆಮಾರಿನಲ್ಲಿ ಟವರಿನ ಅಂತರ ಬೇರೆ ಇರುತ್ತದೆ. ತೆಗೆಯುವಾಗಲೂ ಗಾಡಿ ನೆಲದ ಮೇಲೆ, ಒಂದೊಂದೇ ಕಡೆ. ನೈಲಾನ್ ನಟ್ ಹೊಸದು ಹಾಕಿ, ಕಂಪನಿ ಟಾರ್ಕಿಗೆ ಬಿಗಿಯಿರಿ. ಲೋವರ್ ಬ್ರೇಸಿಗೆ ಉದ್ದ ಬೋಲ್ಟ್ ಹಾಕಿದ್ದರೆ ಮೂಲ ಬೋಲ್ಟೇ ವಾಪಸ್ ಬರಬೇಕು. ಉದ್ದದ್ದನ್ನು ಹಾಗೇ ಬಿಟ್ಟರೆ ಅದರ ತುದಿ ಒಳಗೆ ತಾಗಿ, ಬಿಗಿಯಾದಂತೆ ತೋರಿ ಆರ್ಮ್ ಸಡಿಲಾಗೇ ಉಳಿಯುತ್ತದೆ. ಮೂಲ ಬೋಲ್ಟ್‌ಗಳನ್ನು ಕೂಡಿಸಿದ ದಿನವೇ ಒಂದು ಚೀಲಕ್ಕೆ ಹಾಕಿ, ಎಡ ಬಲ ಬರೆದು, ಸ್ಟೆಪ್ನಿ ಗುಂಡಿಯಲ್ಲಿ ಇಟ್ಟಿರಿ.